ಡ್ರೈವರಮ್ಮನ ಬಲಗೆನ್ನೆ

ಗುರುತಿನ ಚೀಟಿಗೆ ಹೊಸ ಫೋಟೊ ತೆಗೆಯುವ ದಿನ ಡಿಪೋದ ಗುಮಾಸ್ತ ಕಂಪ್ಯೂಟರ್ ಪರದೆ ನೋಡಿದ, ಆಕೆಯ ಮುಖ ನೋಡಿದ, ಮತ್ತೆ ಪರದೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ಮೇಡಂ, ಒಂದ್ಸಲ ಮುಖ ತೊಳ್ಕೊಂಡು ಬಂದ್ಬಿಡಿ. ಬಲಗಡೆ ಗ್ರೀಸ್ ಆಗಿದೆ" ಎಂದ. ಆಕೆ ತೊಳೆದುಕೊಂಡು ಬಂದಳು. ಗ್ರೀಸ್ ಹೋಗಿರಲಿಲ್ಲ, ಏಕೆಂದರೆ ಅದು ಗ್ರೀಸ್ ಆಗಿರಲಿಲ್ಲ.

ಆಕೆ ಹದಿನಾರು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿದ್ದಳು. ಪ್ರಯಾಣಿಕರೆಲ್ಲ ಡ್ರೈವರಮ್ಮ ಎನ್ನುತ್ತಿದ್ದರು. ರೂಟು ಹಾಕಿದ ಮಹಾನುಭಾವ ಯಾರೋ, ಬೆಳಗ್ಗೆ ಹೋಗುವಾಗ ಸೂರ್ಯ ಬಲಗಿಟಕಿಯಲ್ಲಿ, ಮಧ್ಯಾಹ್ನದ ಮೇಲೆ ಬರುವಾಗಲೂ ಬಲಗಿಟಕಿಯಲ್ಲಿ. ಎಡಗೆನ್ನೆ ಹುಟ್ಟಿದಾಗಿನ ಬಣ್ಣದಲ್ಲೇ ಹಾಯಾಗಿತ್ತು. ಬಲಗೆನ್ನೆಯ ಮೇಲೆ ಮಾತ್ರ ಕಾಫಿ ಚೆಲ್ಲಿ ಒರೆಸಲು ಮರೆತ ಹಾಗೆ ಕಂದು ಕಲೆಗಳು ಹರಡಿದ್ದವು. ದಿನಾ ಕನ್ನಡಿ ನೋಡುತ್ತಿದ್ದವಳೇ, ಆದರೆ ಆ ಕನ್ನಡಿ ಬಸ್ಸಿನದು. ಅದರಲ್ಲಿ ಹಿಂದೆ ಬರುವ ಲಾರಿ ಕಾಣುತ್ತದೆಯೇ ಹೊರತು ಕೆನ್ನೆಯಲ್ಲ.

ಅಂದು ಸಂಜೆ ಗಂಡನ ಮುಂದೆ ಕುಳಿತು ನಿಜ ಹೇಳು ಎಂದು ಪಟ್ಟು ಹಿಡಿದಳು. ಗಂಡ ಹಲ್ಲಿನ ಡಾಕ್ಟರುಗಳಿಗೆ ಕೃತಕ ಹಲ್ಲು ಮಾಡಿಕೊಡುವವನು. ಹೊಸ ಹಲ್ಲು ಪಕ್ಕದ ಹಲ್ಲಿಗೆ ಹೊಂದಬೇಕಲ್ಲ, ಅದಕ್ಕಾಗಿ ಅವನ ಜೇಬಿನಲ್ಲಿ ಯಾವಾಗಲೂ ಹದಿನಾರು ಬಣ್ಣದ ಹದಿನಾರು ಹಲ್ಲು ಸಾಲಾಗಿ ಸಿಕ್ಕಿಸಿದ ಒಂದು ಪಟ್ಟಿ ಇರುತ್ತಿತ್ತು. ಬುದ್ಧಿ ಇರುವ ಗಂಡ ಇಂಥ ಹೊತ್ತಿನಲ್ಲಿ ಏನೂ ಕಾಣುತ್ತಿಲ್ಲ ಎನ್ನುತ್ತಾನೆ. ಇವನು ಪಟ್ಟಿ ತೆಗೆದು ಹೆಂಡತಿಯ ಎರಡೂ ಕೆನ್ನೆಗೆ ಹಿಡಿದು, ಹಲ್ಲಿನ ಲೆಕ್ಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ನಂಬರಿನ ವ್ಯತ್ಯಾಸವಿದೆ ಎಂದು ಪ್ರಾಮಾಣಿಕವಾಗಿ ವರದಿ ಮಾಡಿದ. ಆಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಮೂರನೆಯ ದಿನ ನಾದಿನಿಯ ಬ್ಯೂಟಿ ಪಾರ್ಲರಿಗೆ ಹೋದಳು. ಗಂಡನ ತಂಗಿ ಎರಡು ಬೀದಿ ಆಚೆ ಮೂರು ಕುರ್ಚಿಯ ಪಾರ್ಲರ್ ಇಟ್ಟಿದ್ದಳು. ದಪ್ಪ ಪೌಡರಿನ, ತುಂಬು ನಗುವಿನ ಹೆಂಗಸು. ಅತ್ತಿಗೆ ತಾನಾಗಿ ಬಂದು ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ನಾದಿನಿ ಸಂತೋಷಕ್ಕೆ ಒಳಗಿನ ಕಪಾಟಿನಿಂದ ಅಂಗೈಯಲ್ಲಿ ಅಡಗುವ ಚಿಕ್ಕ ಡಬ್ಬಿ ತಂದು ಕೈಗಿಟ್ಟಳು. ಮೇಲೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಇದು ಎಲ್ಲರಿಗೂ ಕೊಡುವ ಮಾಲಲ್ಲ, ರಾತ್ರಿ ಮಲಗುವಾಗ ಕಡಲೆಕಾಳಿನಷ್ಟು ಹಚ್ಚಿದರೆ ಸಾಕು ಎಂದು ಹೇಳಿಕೊಟ್ಟಳು.

ಮೂರು ವಾರದಲ್ಲಿ ಡ್ರೈವರಮ್ಮನ ಮುಖ ಹೊಸ ಬಲ್ಬಿನಂತಾಯಿತು. ಕಲೆಗಳು ಹೇಳಹೆಸರಿಲ್ಲದಂತೆ ಮಾಯವಾದವು. ಡಿಪೋದ ಕಂಡಕ್ಟರ್ ಹೆಂಗಸರು ಗುಟ್ಟು ಹೇಳು ಎಂದು ದುಂಬಾಲು ಬಿದ್ದರು. ಆಕೆ ತಣ್ಣೀರು ಕುಡಿಯುತ್ತೇನೆ ಎಂದು ಹಸಿಹಸಿ ಸುಳ್ಳು ಹೇಳಿದಳು. ಆ ವಾರವೆಲ್ಲ ಡಿಪೋದ ಕೊಳಾಯಿಯ ಮುಂದೆ ಸಾಲು ನಿಂತಿತ್ತು.

ಒಂಬತ್ತನೆಯ ವಾರ ಡಬ್ಬಿ ತಳ ಕಂಡಿತು. ನಾದಿನಿಯ ಹೊಸ ಸರಕು ಬರುವುದು ನಾಲ್ಕು ದಿನ ತಡವಾಯಿತು. ಆ ನಾಲ್ಕು ದಿನದಲ್ಲಿ ಮುಖ ಕೆಂಪೇರಿ, ಬಿಸಿಯಾಗಿ, ಮೆಣಸಿನಕಾಯಿ ಅರೆದು ಬಳಿದಂತೆ ಉರಿಯತೊಡಗಿತು. ನಲವತ್ತಮೂರರ ವಯಸ್ಸಿನಲ್ಲಿ ಗದ್ದದ ತುಂಬ ಮೊಡವೆ ಎದ್ದವು. ಬಲಗೆನ್ನೆಯ ಮೇಲೆ ಸಣ್ಣ ಕೂದಲು ಬೇರೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಬಿಸಿಲು ತಾಗಿ ಆಕೆಯ ಕಣ್ಣಲ್ಲಿ ನೀರು ಬಂತು. ಹಿಂದಿನ ಸೀಟಿನ ಅಜ್ಜಿ ಮನೆಯಲ್ಲಿ ಜಗಳವೇನಮ್ಮ ಎಂದು ಕೇಳಿ, ಉತ್ತರಕ್ಕೂ ಕಾಯದೆ ಗಂಡಸರ ಜಾತಿಯನ್ನೇ ಮುಂದಿನ ನಿಲ್ದಾಣದವರೆಗೆ ಬೈದಳು.

ಚರ್ಮದ ಡಾಕ್ಟರು ವಯಸ್ಸಾದ ಹೆಂಗಸು. ಆಕೆಯ ಮುಖದ ಮೇಲೇ ಎಣಿಸಲಾಗದಷ್ಟು ಮಚ್ಚೆ, ಕಲೆ. ಇವಳೇನು ನನ್ನದನ್ನು ತೆಗೆದಾಳು ಎಂದುಕೊಂಡೇ ಡ್ರೈವರಮ್ಮ ಕುಳಿತಳು. ಡಾಕ್ಟರು ಖಾಲಿ ಡಬ್ಬಿಯನ್ನು ಮೂಸಿ, ಬೆರಳಲ್ಲಿ ಸವರಿ, ಸತ್ತ ಇಲಿಯನ್ನು ಇಡುವಂತೆ ಮೇಜಿನ ಆ ತುದಿಗಿಟ್ಟರು.

"ಸ್ಟೀರಾಯ್ಡ್ ಇರಬೇಕು. ಜೊತೆಗೆ ಬಣ್ಣ ತೆಗೆಯೋ ಔಷಧಿ. ಹಚ್ಚಿದಷ್ಟು ದಿನ ರಾಣಿ, ಬಿಟ್ಟ ದಿನ ಹೀಗೆ. ಎಷ್ಟು ದಿನ ಹಚ್ಚಿದ್ರಿ?"

"ಎರಡು ತಿಂಗಳು."

"ಬಚಾವಾದ್ರಿ. ಇನ್ನು ಹಚ್ಚಬೇಡಿ. ಮೊದಲು ಇನ್ನೂ ಕೆಡುತ್ತೆ, ಆಮೇಲೆ ಸರಿಹೋಗುತ್ತೆ. ನನ್ನನ್ನ ಬೈಕೊಳ್ಳಿ, ಆದರೆ ಡಬ್ಬಿ ಮುಟ್ಟಬೇಡಿ."

ಆಮೇಲೆ ಕೊಟ್ಟ ಪಾಠ ಬಲು ನೀರಸವಾಗಿತ್ತು. ಮುಖ ಉಜ್ಜಬಾರದು, ಸುಮ್ಮನೆ ತೊಳೆಯಬೇಕು. ನಿಂಬೆಹಣ್ಣು, ಟೂತ್‌ಪೇಸ್ಟು, ಪಕ್ಕದ ಮನೆಯವರ ಸಲಹೆ ಯಾವುದೂ ಮುಖಕ್ಕೆ ತಾಗಬಾರದು. ಬೆಳಗ್ಗೆ ಎರಡು ಬೆರಳಿನುದ್ದ ಸನ್‌ಸ್ಕ್ರೀನ್, ಬಸ್ಸಿನಲ್ಲಿ ಮೂರು ಗಂಟೆಗೊಮ್ಮೆ ಮತ್ತೆ ಅಷ್ಟೇ. ಕಲೆಗೆ ಹಚ್ಚುವ ಮುಲಾಮು ಉರಿ ಪೂರ್ತಿ ಆರಿದ ಮೇಲೆ, ಅದೂ ತಿಂಗಳುಗಟ್ಟಲೆ. ಪೂರ್ತಿ ಹೋಗುತ್ತದೆಂದು ಭರವಸೆಯಿಲ್ಲ. ಹೋದರೂ ಬಿಸಿಲಿಗೆ ಮುಖ ಕೊಟ್ಟರೆ ವಾಪಸು ಬರುತ್ತದೆ.

ಡ್ರೈವರಮ್ಮ ಅಲ್ಲಿಂದ ಸೀದಾ ಪಾರ್ಲರಿಗೆ ಹೋದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದಳು, ಡ್ರೈವರುಗಳಲ್ಲಿ ಅದಕ್ಕೆ ಬರಗಾಲವಿಲ್ಲ. ಗಿರಾಕಿಗಳು ಎದ್ದು ಹೋಗುವವರೆಗೆ ಹಲ್ಲು ಕಚ್ಚಿ ಕೂತು, ಬಾಗಿಲು ಮುಚ್ಚಿದ ಕೂಡಲೇ ಒಂದೊಂದಾಗಿ ಬೈಯತೊಡಗಿದಳು. ನಾದಿನಿ ಒದ್ದೆ ಬಟ್ಟೆ ತೆಗೆದುಕೊಂಡು ತನ್ನ ಮುಖದ ಪೌಡರನ್ನು ನಿಧಾನವಾಗಿ ಒರೆಸತೊಡಗಿದಳು.

ಒಳಗಿನ ಮುಖವನ್ನು ಡ್ರೈವರಮ್ಮ ಅದುವರೆಗೂ ನೋಡಿರಲಿಲ್ಲ. ತೆಳ್ಳಗಾದ ಚರ್ಮದಡಿ ಕೆಂಪು ನರಗಳು ನಕ್ಷೆ ಬರೆದಂತೆ ಕಾಣುತ್ತಿದ್ದವು. ಎರಡೂ ಕೆನ್ನೆ ಸುಟ್ಟ ಹಾಗಿತ್ತು.

"ಆರು ವರ್ಷ ಆಯ್ತು ಅತ್ತಿಗೆ," ಎಂದಳು ನಾದಿನಿ. "ಬಿಟ್ರೆ ಉರಿಯುತ್ತೆ, ಹಚ್ಚಿದ್ರೆ ಆರುತ್ತೆ. ನಾನೇನು ಮಾಡ್ಲಿ?"

"ಗೊತ್ತಿದ್ದೂ ನನಗೆ ಕೊಟ್ಯಲ್ಲೇ."

"ನನಗೂ ಮೊದಲು ಹಾಗೇ ಚೆನ್ನಾಗಿ ಬಂದಿತ್ತು. ನಿನಗಾದ್ರೂ ಹಾಗೇ ಉಳಿಯುತ್ತೆ ಅಂದ್ಕೊಂಡೆ."

ಬೈಗುಳ ಇನ್ನೂ ನಾಲ್ಕೈದು ಬಾಕಿ ಇದ್ದವು. ಆ ಮುಖ ನೋಡಿ ಅವನ್ನು ರಸ್ತೆಯ ಲಾರಿಗಳಿಗೆಂದು ಎತ್ತಿಟ್ಟಳು. ಮರುದಿನ ನಾದಿನಿಯ ರಟ್ಟೆ ಹಿಡಿದು ಡಾಕ್ಟರ ಮುಂದೆ ಕೂರಿಸಿದಳು. ನಿಮ್ಮ ಮನೆಯಲ್ಲಿ ಇನ್ನೆಷ್ಟು ಜನ ಇದ್ದೀರಿ ಎಂದು ಡಾಕ್ಟರು ವಿಚಾರಿಸಿದರು. ನಾದಿನಿಯದು ಹಳೆಯ ಚಟವಾದ್ದರಿಂದ ಒಮ್ಮೆಲೇ ಬಿಡಿಸದೆ, ಬೇರೆ ಹಗುರ ಮುಲಾಮು ಕೊಟ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದೆಂದು ತೀರ್ಮಾನವಾಯಿತು.

ಆ ಮುಖ ಹೊತ್ತು ಪಾರ್ಲರ್ ತೆರೆಯುವಂತಿರಲಿಲ್ಲ. ನಾದಿನಿ ಬಾಗಿಲಿಗೆ ದುರಸ್ತಿ ನಡೆಯುತ್ತಿದೆ ಎಂದು ಬೋರ್ಡು ಹಾಕಿ ಅಣ್ಣನ ಮನೆಗೆ ಬಂದಳು. ಬೋರ್ಡಿನಲ್ಲಿದ್ದದ್ದು ಸುಳ್ಳೇನಲ್ಲ. ಸಂಜೆಯಾದರೆ ಅತ್ತಿಗೆ ನಾದಿನಿ ಇಬ್ಬರೂ ಮುಖದ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಹೊದ್ದು ಸೋಫಾದ ಎರಡು ತುದಿಗೆ ಒರಗುತ್ತಿದ್ದರು. ಅಣ್ಣ ನಡುವೆ ಕೂತು, ಯಾರಾದರೂ ಬಂದರೆ ಏನೆಂದುಕೊಂಡಾರು ಎಂದು ಬಾಗಿಲನ್ನೇ ನೋಡುತ್ತಿದ್ದ. ವಾರಕ್ಕೊಮ್ಮೆ ಹಲ್ಲಿನ ಪಟ್ಟಿ ಹಿಡಿದು ಇಬ್ಬರ ಕೆನ್ನೆಯನ್ನೂ ಅಳೆಯುತ್ತಿದ್ದ. ಈಗ ಅವನ ಪ್ರಾಮಾಣಿಕತೆಗೆ ಬೆಲೆ ಬಂದಿತ್ತು.

ಮೂರನೆಯ ವಾರ ಬಚ್ಚಲಿನ ಬಾಗಿಲು ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಡ್ರೈವರಮ್ಮ ಭುಜ ಕೊಟ್ಟು ತಳ್ಳಿದಳು. ಒಳಗೆ ನಾದಿನಿ ಡಬ್ಬಿಯೊಂದರ ಮೂಲೆಯನ್ನು ಕಿವಿ ಕಡ್ಡಿಯಿಂದ ಕೆರೆಯುತ್ತಿದ್ದಳು. ಎಳೆದಾಟವಾಯಿತು. ಸೋಪು ಬಿತ್ತು, ಬಕೆಟ್ಟು ಉರುಳಿತು, ಇಬ್ಬರೂ ನೆಲಕ್ಕೆ ಕೂತರು. ಕೊನೆಗೆ ಬಸ್ಸಿನ ಸ್ಟಿಯರಿಂಗ್ ತಿರುಗಿಸಿ ಗಟ್ಟಿಯಾದ ಕೈಗಳೇ ಗೆದ್ದವು. ಡಬ್ಬಿ ನುಜ್ಜುಗುಜ್ಜಾಗಿ ಕಸದ ಬುಟ್ಟಿ ಸೇರಿತು. ನಾದಿನಿ ಒದ್ದೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಡ್ರೈವರಮ್ಮ ಪಕ್ಕದಲ್ಲೇ ಕೂತಳು. ಸಮಾಧಾನದ ಮಾತು ಆಕೆಗೆ ಬರುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಕೊಳಾಯಿಯಡಿ ಬಟ್ಟೆ ಹಿಂಡಿ ನಾದಿನಿಯ ಮುಖದ ಮೇಲೆ ಹಾಕಿದಳು. ಬಟ್ಟೆಯಡಿಯಿಂದಲೇ ನಾದಿನಿ, ಇದು ನೆಲ ಒರೆಸೋ ಬಟ್ಟೆ ಅತ್ತಿಗೆ, ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಡ್ರೈವರಮ್ಮನ ಉರಿ ಎರಡು ತಿಂಗಳಲ್ಲಿ ಆರಿತು. ನಾದಿನಿಗೆ ಆರು ತಿಂಗಳು ಹಿಡಿಯಿತು, ಕೆಲವು ನರಗಳು ಉಳಿದೇಬಿಟ್ಟವು. ಡ್ರೈವರಮ್ಮ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಸನ್‌ಸ್ಕ್ರೀನ್ ಬಳಿದುಕೊಂಡು ಬೆಳ್ಳಗೆ ಭೂತದಂತೆ ಕಾಣುತ್ತಿದ್ದಳು. ಮೊದಮೊದಲು ನಗುತ್ತಿದ್ದ ಗಂಡಸು ಡ್ರೈವರುಗಳು ಒಬ್ಬೊಬ್ಬರಾಗಿ ತಮ್ಮ ಬಲಗೆನ್ನೆ ಸವರಿಕೊಂಡು, ಯಾರೂ ಇಲ್ಲದ ಹೊತ್ತು ನೋಡಿ, ಎರಡು ಬೆರಳಿನುದ್ದ ನಮಗೂ ಕೊಡಿ ಎಂದು ಕೈ ಚಾಚಿದರು. ಹೆಚ್ಚುಕಮ್ಮಿ ವರ್ಷದ ಹೊತ್ತಿಗೆ ಆಕೆಯ ಕಲೆಗಳು ಅರ್ಧಕ್ಕರ್ಧ ಮಾಸಿದವು. ಕಣ್ಣಿನ ಕೆಳಗಿನ ಒಂದು ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಅದರ ಜೊತೆ ಆಕೆ ರಾಜಿಯಾದಳು.

ಪಾರ್ಲರ್ ಮತ್ತೆ ತೆರೆದಾಗ ಅರ್ಧ ಗಿರಾಕಿಗಳು ಬೇರೆ ಕಡೆ ಹೋಗಿದ್ದರು. ಡಬ್ಬಿ ಕೇಳಿದವರಿಗೆಲ್ಲ ನಾದಿನಿ ಪೌಡರಿಲ್ಲದ ತನ್ನ ಮುಖ ತೋರಿಸಿ ಇಲ್ಲ ಎನ್ನುತ್ತಿದ್ದಳು. ಕಾಲೇಜಿನ ಹುಡುಗಿಯೊಬ್ಬಳು, ಹದಿನೈದು ದಿನದಲ್ಲಿ ಬಿಳಿಯಾಗಬೇಕು ಎಂದು ಬಂದವಳು, ಅದನ್ನೂ ನಂಬದೆ ಮೂಗು ಮುರಿದು ಹೋದಳು. ಮೂರು ತಿಂಗಳ ನಂತರ ಅದೇ ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಹಿಂದೆ ಇನ್ನಿಬ್ಬರು ಗೆಳತಿಯರು, ಅವರೂ ಹಾಗೆಯೇ. ನಾದಿನಿ ಅಂಗಡಿ ಮುಚ್ಚಿ, ಮೂವರನ್ನೂ ಕರೆದುಕೊಂಡು ಅತ್ತಿಗೆಯ ಬಸ್ಸು ಹತ್ತಿದಳು. ಡ್ಯೂಟಿ ಮುಗಿದ ಮೇಲೆ ಡ್ರೈವರಮ್ಮನೂ ಜೊತೆಗೂಡಿದಳು.

ಐದು ಜನ ಸಾಲಾಗಿ ಒಳಗೆ ಬಂದದ್ದನ್ನು ಕಂಡು ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ಮೇಲೆ ಬಸ್ಸನ್ನೇ ಇಲ್ಲಿಗೆ ತಗೊಂಡು ಬಂದ್ಬಿಡಿ," ಎಂದರು. "ಮೊದಲು ಯಾರು? ಮುಖದ ಮೇಲಿನ ಬಟ್ಟೆ ತೆಗೀರಿ."