ಮೂಗು ತೊಳೆದವಳು

ಮುಚ್ಚಳಗಳ ಮೇಲೆ ಮತ್ತೆ ಹಳದಿ ಧೂಳು, ನಿನ್ನೆ ಸಂಜೆ ತಾನೇ ಒರೆಸಿದ್ದು, ಬೆರಳಿಟ್ಟರೆ ಗೆರೆ ಮೂಡುತ್ತದೆ, ಎಲ್ಲಿಯದೋ ಮರಳುಗಾಡಿನಿಂದ ಹೊರಟು ಸಮುದ್ರ ದಾಟಿ ಕೊರಿಯಾದ ಸುಂಚಾಂಗಿನ ಈ ಅಂಗಳದ ಎಂಬತ್ತು ಜಾಡಿಗಳನ್ನೇ ಹುಡುಕಿಕೊಂಡು ಬಂದು ಕೂತಂತೆ, ಹಾಳಾದ್ದು, ವಸಂತ ಬಂತೆಂದರೆ ತಪ್ಪದ ನೆಂಟ, ಇದರಿಂದಲೇ ಅಲ್ಲವೇ ಎಲ್ಲ ಶುರುವಾದದ್ದು — ಅಲ್ಲ, ಪಾಪದ ಧೂಳಿನ ಮೇಲೆ ಯಾಕೆ ಹಾಕಬೇಕು, ಮಾಲ್ಸೂನ್ ಒರೆಸುವ ಬಟ್ಟೆ ಹಿಂಡುತ್ತಾಳೆ, ಅರವತ್ಮೂರು ವರ್ಷದ ಮೊಣಕಾಲು ಲಟಕ್ಕೆನ್ನುತ್ತದೆ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಚಟ ಇನ್ನೂ ಹೋಗಿಲ್ಲ ನೋಡು. ಇವತ್ತು ರಸ ಬೇರ್ಪಡಿಸುವ ದಿನ, ಉಪ್ಪುನೀರಿನಲ್ಲಿ ಐವತ್ತು ದಿನ ನೆನೆದ ಸೋಯಾ ಗಟ್ಟಿಗಳನ್ನು ಮೇಲೆತ್ತಬೇಕು, ಕಪ್ಪು ರಸ ಒಂದು ಕಡೆ, ಮುದ್ದೆ ಇನ್ನೊಂದು ಕಡೆ, ಎತ್ತುವ ಮೊದಲು ಮನೆಯ ಹಿರಿಯಳು ಜಾಡಿ ಜಾಡಿಯನ್ನೂ ಮೂಸಿ ಆಗಬಹುದು ಅನ್ನಬೇಕು, ಅವಳು ಅನ್ನದೆ ಯಾರೂ ಕೈ ಅದ್ದುವಂತಿಲ್ಲ, ಅತ್ತೆ ತೀರಿಹೋದಾಗಿನಿಂದ ಈ ಮನೆಗೆ ಮೂಗು ಅಂದರೆ ಮಾಲ್ಸೂನಳ ಮೂಗೇ, ಆ ಮೂಗಿಗೆ ಹೋದ ಬೇಸಿಗೆಯಿಂದ ಯಾವ ವಾಸನೆಯೂ ಹತ್ತುವುದಿಲ್ಲ, ಹೂವಿನದಿಲ್ಲ, ಹೊಗೆಯದಿಲ್ಲ, ಇದು ಜೊಂಜು ಊರಿನ ಮೂಗಿನ ಡಾಕ್ಟರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸೊಸೆ ದಾಸೋಲ್ ಆಚೆ ಸಾಲಿನಲ್ಲಿ ಸೌಟುಗಳನ್ನು ಬಿಸಿನೀರಿಗೆ ಹಾಕುತ್ತಿದ್ದಾಳೆ, ಕೆಲಸಕ್ಕೆ ಬರುವ ಮೂವರು ಹೆಂಗಸರು ಇನ್ನೂ ಬಂದಿಲ್ಲ, ಹೇಳುವುದಾದರೆ ಈಗಲೇ ಹೇಳಬೇಕು.

ಮೊದಲ ಸಲ ಮೂಗು ತೊಳೆದಾಗ ಎಷ್ಟು ಸುಖವಾಗಿತ್ತು, ಎರಡು ವರ್ಷದ ಹಿಂದೆ ಇಂಥದೇ ಹಳದಿ ಆಕಾಶ, ಮೂಗು ಕಟ್ಟಿ ಕಣ್ಣು ಊದಿ ಕೂತಿದ್ದಾಗ ಊರವರೆಲ್ಲ ಹೋಗುವ ಸ್ನಾನದ ಮನೆಯಲ್ಲಿ ಬೆನ್ನುಜ್ಜುವ ಹೆಂಗಸು ಹೇಳಿದಳು, ಬಿದಿರಲ್ಲಿ ತುಂಬಿ ಸುಟ್ಟ ಉಪ್ಪು ಹಾಕಿದ ಬೆಚ್ಚಗಿನ ನೀರು ಒಂದು ಹೊಳ್ಳೆಯಲ್ಲಿ ಬಿಡಕ್ಕ, ಇನ್ನೊಂದರಲ್ಲಿ ಬರುತ್ತೆ, ನಮ್ಮಮ್ಮ ಹಂಗೇ ಮಾಡ್ತಿದ್ಲು. ಬಿಟ್ಟಳು, ಬಂತು, ಆಮೇಲೆ ಅಂಗಳಕ್ಕೆ ಬಂದು ನಿಂತರೆ ದೇವರೇ, ಮದುವೆಯಾಗಿ ಬಂದ ವರ್ಷದಂತೆ ಒಂದೊಂದು ಜಾಡಿಯೂ ಬೇರೆ ಬೇರೆ ಕೂಗಿ ಕರೆಯಿತು, ಇದು ಹುರಿದ ಬಾರ್ಲಿ, ಇದು ಮಳೆಬಿದ್ದ ಹುಲ್ಲು, ಅಷ್ಟಕ್ಕೇ ನಿಲ್ಲಿಸಿದ್ದರೆ — ನಿಲ್ಲಿಸಲಿಲ್ಲ, ದಿನಕ್ಕೆ ಒಂದು ಸಲ ಇದ್ದದ್ದು ಎರಡಾಯಿತು, ಜಾಡಿ ಮೂಸುವ ಮುಂಚೆ ಒಂದು, ಮೂಸಿದ ಮೇಲೆ ಒಂದು, ಏಳಾಯಿತು, ಎಂಟಾಯಿತು. ಉಪ್ಪನ್ನಂತೂ ಕೇಳುವುದೇ ಬೇಡ, ಪೊಟ್ಟಣದ ಮೇಲೆ ಒಂದು ಪುಟ್ಟ ಚಮಚೆ ಎಂದು ಬರೆದಿದ್ದರೆ ಅವಳಿಗೆ ನಗು, ನಲವತ್ತು ವರ್ಷ ಜಾಡಿಯ ಉಪ್ಪುನೀರು ಕಲಸಿದವಳಿಗೆ ಪೊಟ್ಟಣ ಬುದ್ಧಿ ಹೇಳುತ್ತದೆಯೇ, ಈ ಊರಲ್ಲಿ ಉಪ್ಪು ಅಳೆಯುವುದು ಮೊಟ್ಟೆಯಿಂದ, ನೀರಿಗೆ ಬಿಟ್ಟ ಮೊಟ್ಟೆಯ ನೆತ್ತಿ ಐನೂರು ವೊನ್ ನಾಣ್ಯದಷ್ಟು ಮೇಲೆ ಕಂಡರೆ ಉಪ್ಪು ಸರಿ, ಕಡಿಮೆಯಾದರೆ ಹುಳ ಬೀಳುತ್ತದೆ, ಮೂಗಾದರೇನು, ಅದೂ ಕೊಳೆಯದಿರಲಿ ಎಂದು ಚೊಂಬಿಗೆ ಒಂದು ಮೊಟ್ಟೆ ಬಿಟ್ಟು ನೋಡಿದಳು, ತೇಲದಿದ್ದರೂ ಎದ್ದು ನಿಲ್ಲುವಷ್ಟು ಉಪ್ಪು ಹಾಕಿದಳು. ಉರಿಯಿತು, ಉರಿದರೆ ಕೆಲಸ ಮಾಡುತ್ತಿದೆ ಅಂತ. ರಕ್ತ ಬಂತು, ಕೆಟ್ಟದ್ದು ಹೊರಗೆ ಹೋಗುತ್ತಿದೆ ಅಂತ. ಕಿವಿಯೊಳಗೆ ಗುಂಯ್ ಅಂದಿತು, ವಯಸ್ಸಾಯಿತು ಅಂತ. ಎಲ್ಲಕ್ಕೂ ಉತ್ತರ ಇತ್ತು ಮಹಾತಾಯಿಯ ಹತ್ತಿರ, ವಾಸನೆ ಮಂಕಾದಷ್ಟೂ ಇನ್ನೂ ತೊಳೆದಳು, ತೊಳೆದಷ್ಟೂ ಮಂಕಾಯಿತು. ಡಾಕ್ಟರು ಸಣ್ಣ ದೀಪ ಹಿಡಿದು ನೋಡಿ, ದಿನಕ್ಕೆ ಎಷ್ಟು ಸಲ ಅಮ್ಮಾ ಅಂದರು, ಎಂಟು ಅಂದಾಗ ಪೆನ್ನು ಕೆಳಗಿಟ್ಟರು, ಮೂಗಿನೊಳಗಿನ ಜಿಗಟು ಕೊಳೆ ಅಲ್ಲ, ಅದೇ ಕಾವಲು, ನೀವು ದಿನಾ ಕಾವಲಿನವನನ್ನೇ ಹೊಡೆದು ಓಡಿಸಿದ್ದೀರಿ, ಇನ್ನು ನೀರು ಬಿಡಬೇಡಿ, ವಾಸನೆ ಬಂದರೂ ಬರಬಹುದು, ಬರದೆಯೂ ಇರಬಹುದು. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಇವಳೇ. ದಾಸೋಲ್ ಮದುವೆಯಾಗಿ ಬಂದ ಹೊಸದರಲ್ಲಿ ಖಾಲಿ ಜಾಡಿಯನ್ನು ಸೋಪು ಹಾಕಿ ಉಜ್ಜಿದ್ದಕ್ಕೆ ಎಷ್ಟು ಬೈದಿದ್ದಳು, ಮಣ್ಣಿನ ಜಾಡಿ ಉಸಿರಾಡುತ್ತೆ ಕಣೇ, ಅದರ ಮೈಯಲ್ಲಿರೋದನ್ನ ಉಜ್ಜಿ ತೆಗೆದ್ರೆ ಅದು ಜಾಡಿನೇ ಅಲ್ಲ. ಜಾಡಿಗೆ ಗೊತ್ತಿದ್ದ ಬುದ್ಧಿ ತನ್ನ ಮೂಗಿಗೆ ಇರಲಿಲ್ಲ.

ಮೂಗು ಹೋದರೆ ಹೋಗಲಿ, ಅದು ತನ್ನದು, ಆದರೆ ಆ ಬೀಜದ ಜಾಡಿ, ಮನೆಯ ರಸಕ್ಕೆಲ್ಲ ಹೆಪ್ಪಿನಂಥ ಹಳೆಯ ರಸದ್ದು, ತೀರಿಹೋದ ಅತ್ತೆ ಅವಳ ಅತ್ತೆಯಿಂದ ಪಡೆದದ್ದು, ಯುದ್ಧದಲ್ಲಿ ಊರು ಬಿಟ್ಟು ಓಡುವಾಗ ಆ ಹಿರಿಯ ಅತ್ತೆ ಅದನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ್ದರಂತೆ, ಮಗುವನ್ನು ಗಂಡನ ಕೈಗೆ ಕೊಟ್ಟು, ಪ್ರತಿ ಶರತ್ಕಾಲ ಆ ವರ್ಷದ ಒಳ್ಳೆಯ ಜಾಡಿಯಿಂದ ಒಂದಿಷ್ಟು ರಸ ಅದಕ್ಕೆ ಸೇರಿಸಬೇಕು, ಹಳೆಯದು ಹೊಸದನ್ನು ಸಾಕುತ್ತದೆ, ಹೊಸದು ಹಳೆಯದನ್ನು, ಹೀಗೆ ತೊಂಬತ್ತು ವರ್ಷ ಒಮ್ಮೆಯೂ ಕೆಟ್ಟಿರಲಿಲ್ಲ. ಹೋದ ಶರತ್ಕಾಲ ಮೂರನೇ ಜಾಡಿಯನ್ನು ಆರಿಸಿದವಳು ಮಾಲ್ಸೂನ್, ದಾಸೋಲ್ ಹತ್ತಿರ ಬಂದು ಮೆಲ್ಲಗೆ ಅಂದಳು, ಅತ್ತೆ, ಇದು ಬೇಡ, ಇದರಲ್ಲಿ ಏನೋ ವಾಸನೆ ಬರ್ತಿದೆ. ಮಾಲ್ಸೂನ್ ಬಗ್ಗಿ ಮೂಸಿದಳು, ಏನೂ ಇಲ್ಲ, ನೆಕ್ಕಿದಳು, ಬರೀ ಉಪ್ಪು. ಆಗಲಾದರೂ ನನಗೆ ಗೊತ್ತಾಗುತ್ತಿಲ್ಲ ಕಣೇ ಅನ್ನಬಹುದಿತ್ತು, ಏನು ಖರ್ಚಾಗುತ್ತಿತ್ತು, ಆದರೆ ಆ ಮೂವರು ಹೆಂಗಸರು ಅಂಗಳದಾಚೆಯಿಂದ ನೋಡುತ್ತಿದ್ದರಲ್ಲ, ನಿನ್ನೆ ಮೊನ್ನೆ ಪೇಟೆಯಿಂದ ಬಂದ ಮೂಗು ನನಗೆ ಹೇಳ್ಕೊಡುತ್ತಾ ಎಂದು ಅವರಿಗೂ ಕೇಳುವಂತೆ ಅಂದಳು, ದಾಸೋಲ್ ಮತ್ತೊಂದು ಸಲ ಬೇಡ ಅತ್ತೆ ಅಂದಳು, ಮಾಲ್ಸೂನ್ ಅವಳ ಕೈ ಸರಿಸಿ ಬೀಜದ ಜಾಡಿಗೆ ತಾನೇ ಸುರಿದಳು. ಚಳಿಗಾಲ ಮುಗಿಯುವ ಹೊತ್ತಿಗೆ ಬೀಜದ ಜಾಡಿಯ ಮೇಲೆ ಬೂದುಬಣ್ಣದ ಪೊರೆ, ನೊರೆ, ಹೆಂಗಸರು ಕೈಯನ್ನು ಮೂಗಿಗೆ ಒತ್ತಿಕೊಂಡರು. ಆಗಲೂ ಮಾಲ್ಸೂನಳ ಬಾಯಿ ಸುಮ್ಮನಿರಲಿಲ್ಲ, ಮುಚ್ಚಳ ಒರೆಸೋ ಕೆಲಸ ಯಾರದ್ದು, ಒದ್ದೆ ಸೌಟು ಹಾಕಿದ್ದು ಯಾರು, ತಾ ಕಳ್ಳಿಯಾದವಳು ಪರರನ್ನು ನಂಬುವುದುಂಟೇ ಎಂಬ ಗಾದೆ ತನಗೇ ಸರಿ, ದಾಸೋಲ್ ಎಲ್ಲರೆದುರು ಸೊಂಟ ಬಗ್ಗಿಸಿ ತಲೆ ತಗ್ಗಿಸಿದಳು, ತಪ್ಪಾಯ್ತು ಅತ್ತೆ. ಕಪ್ಪು ಕೂದಲ ನಡುವೆ ನೇರವಾದ ಬಿಳಿ ಬೈತಲೆ, ಅಷ್ಟೇ ಕಂಡದ್ದು. ಅಲ್ಲಿಂದೀಚೆಗೆ ಊಟಕ್ಕೆ ಕೂತರೆ ಆ ಬೈತಲೆ, ಡಾಕ್ಟರ ಬಾಗಿಲಲ್ಲಿ ಹೆಸರು ಕೂಗುವುದನ್ನು ಕಾಯುತ್ತಾ ಕೂತರೆ ಆ ಬೈತಲೆ. ಕ್ಷಮೆ ಕೇಳಬೇಕೆಂದು ಎಷ್ಟು ಸಲ ಅಂದುಕೊಂಡಳೋ, ಪ್ರತಿ ಸಲವೂ ಮಗ ಎದುರಿಗಿರುತ್ತಿದ್ದ, ಇಲ್ಲವೇ ಸಾರು ಉಕ್ಕುತ್ತಿತ್ತು.

ಅತ್ತೆ, ಮೊದಲನೇದು, ದಾಸೋಲ್ ಸೌಟು ಚಾಚಿ ನಿಂತಿದ್ದಾಳೆ, ಯಾವಾಗ ಬಂದಳೋ, ಸೌಟಿನಲ್ಲಿ ಕಪ್ಪು ರಸ, ಅದರಲ್ಲಿ ಹಳದಿ ಆಕಾಶದ ಒಂದು ಚೂರು, ಮಾಲ್ಸೂನ್ ಬಗ್ಗುತ್ತಾಳೆ, ಗಾಳಿ ಒಳಗೆ ಹೋಗುತ್ತದೆ, ಹೋದ ಹಾಗೆಯೇ ಬರಿಗೈಯಲ್ಲಿ ಹೊರಗೆ ಬರುತ್ತದೆ, ಆಗಬಹುದು ಎಂಬ ಮಾತು ಹಳೆಯ ರೂಢಿಯಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿದೆ, ಒಂದು ಜಾಡಿಯಲ್ಲ, ಇವತ್ತು ಎಂಬತ್ತು, ಗೇಟಿನ ಹತ್ತಿರ ಹೆಂಗಸರ ಮಾತು ಕೇಳಿಸುತ್ತಿದೆ, ಈಗ, ಈಗಲೇ — ನನಗೆ ವಾಸನೆ ಗೊತ್ತಾಗಲ್ಲ ಕಣೇ ದಾಸೋಲ್. ಹೋದ ಬೇಸಿಗೆಯಿಂದ. ತೊಳೆದೂ ತೊಳೆದೂ ಕಳ್ಕೊಂಡೆ. ಸೌಟು ಅಲುಗುವುದಿಲ್ಲ, ದಾಸೋಲ್ ಬೆಚ್ಚುವುದಿಲ್ಲ, ಗೊತ್ತು ಅತ್ತೆ ಅನ್ನುತ್ತಾಳೆ, ಯಾವಾಗಿಂದ ಅಂದರೆ, ಆವತ್ತೇ, ಆ ಮೂರನೇ ಜಾಡಿ ಸತ್ತ ಇಲಿ ಥರ ನಾರ್ತಿತ್ತು, ನೀವು ಮೂಗು ಅದ್ದೋಷ್ಟು ಬಗ್ಗಿದ್ರಿ, ನಿಮ್ಮ ಮುಖದಲ್ಲಿ ಒಂದು ಗೆರೆನೂ ಅಲ್ಲಾಡ್ಲಿಲ್ಲ. ಮತ್ತೆ, ಮತ್ತೆ ಯಾಕೆ ತಪ್ಪಾಯ್ತು ಅಂದೆ? ದಾಸೋಲ್ ಸೌಟನ್ನು ತನ್ನ ಮೂಗಿನ ಹತ್ತಿರ ತಂದುಕೊಳ್ಳುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಅಷ್ಟು ಜನರ ಮುಂದೆ ಇನ್ನೇನು ಹೇಳ್ಲಿ ಅತ್ತೆ, ನಿಮ್ಮ ಮುಖ ನೋಡೋಕಾಗ್ಲಿಲ್ಲ. ಇದು ಆಗಬಹುದು ಎಂದು ಸೌಟು ಇಳಿಸಿ ಮುಂದಿನ ಜಾಡಿಗೆ ಬಗ್ಗುತ್ತಾಳೆ. ಹಾಗಾದರೆ ಆ ತಲೆ ತಗ್ಗಿದ್ದು ತಪ್ಪಿಗೂ ಅಲ್ಲ, ಹೆದರಿಕೆಗೂ ಅಲ್ಲ, ಗೊತ್ತಿರುವುದು ಅವಳ ಕಣ್ಣಲ್ಲಿ ತನಗೆ ಕಾಣದಿರಲೆಂದು, ತನ್ನ ಮಾನ ಉಳಿಯಲೆಂದು, ಎಲ್ಲರೆದುರು ಬೈಸಿಕೊಂಡು, ಅದೇ ಅಂಗಳ, ಅದೇ ಮೂವರು ಹೆಂಗಸರು, ಮತ್ತೆ ಆ ಬೈತಲೆ, ನೇರವಾಗಿ, ಬೆಳ್ಳಗೆ, ತನ್ನ ಕಡೆಗೆ ಬಾಗಿದ ಆ ಬೈತಲೆ.