ಪಾರ್ಸೆಲ್ ಪ್ಯಾಡಿನ ಹಾಳೆ

ಪುಂಡರೀಕಾಕ್ಷ ರಾಯರು ಒಮ್ಮೆ ಗಂಟಲೆತ್ತಿದ್ದಕ್ಕೆ ಡೊಂಬಿವಲಿ ಎಂಐಡಿಸಿಯ ಅಷ್ಟೂ ಕಾರ್ಖಾನೆಗಳ ಸೈರನ್ನುಗಳು ನಾಚಿ ಸುಮ್ಮನಾದವು. ಕರ್ಜತಿಗೆ ಹೊರಟಿದ್ದ ಫಾಸ್ಟ್ ಲೋಕಲ್ಲು ಸ್ಟೇಷನ್ನಿನಲ್ಲೇ ಗಡಗಡ ನಡುಗುತ್ತ ನಿಂತಿತು. ಅವರು ಅಬ್ಬರಿಸಿದ ಶಾಲೆಯಲ್ಲಂತೂ ಇಪ್ಪತ್ತನಾಲ್ಕು ಕರಿಹಲಗೆಗಳ ಮೇಲಿನ ಅಕ್ಷರಗಳು ಒಂದೂ ಉಳಿಯದೆ ನೆಲಕ್ಕುದುರಿದವು. ಸುಳ್ಳೆನ್ನುವವರು ರಾಯರ ಹೊಟೇಲಿಗೆ ಹೋಗಿ ವಿಚಾರಿಸಬಹುದು. ಮೂವತ್ತು ಗಿರಾಕಿಗಳು ಸಾಕ್ಷಿ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಶಾಲೆಯಲ್ಲಿರಲಿಲ್ಲ ಎಂಬುದೊಂದು ಸಣ್ಣ ತೊಡಕು.

ಅಬ್ಬರಿಸಿದ್ದು ಮಗಳಿಗಾಗಿ. ಒಂಬತ್ತು ವರ್ಷದ ಶ್ರೀಪ್ರಿಯಾಳ ಕಾಲಿಗೆ ಹುಟ್ಟಿನಿಂದಲೇ ಬಲವಿಲ್ಲ. ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುತ್ತಾಳೆ. ಬಾಯಿ ಮಾತ್ರ ಅಪ್ಪನದೇ. ನಾಲ್ಕನೇ ಕ್ಲಾಸಿಗೆ ಬಂದಾಗ ತರಗತಿ ಎರಡನೇ ಮಹಡಿಗೆ ಹೋಗಿತ್ತು. ಲಿಫ್ಟಿಲ್ಲ. ಆಗ ತಾಯಿ ವಸಂತಿ ಎರಡು ತಿಂಗಳು ಚಪ್ಪಲಿ ಸವೆಸಿ, ಅರ್ಜಿ ಬರೆದು, ಸರ್ಟಿಫಿಕೇಟ್ ತೋರಿಸಿ, ಇಡೀ ತರಗತಿಯನ್ನೇ ನೆಲಮಹಡಿಗೆ ಇಳಿಸಿದ್ದಳು. ಹಾಗಿರುವಾಗ ಡಿಸೆಂಬರಿನ ಒಂದು ಮಧ್ಯಾಹ್ನ ರಾಯರು ಮಗಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮನೆಗೆ ಬಂದು, "ಹೊರಗೆ ಹಾಕಿದರು ವಸಂತಿ! ಇಂಥ ಮಕ್ಕಳು ನಮಗೆ ಬೇಡ ಅಂದರು. ಬಿಟ್ಟೆನಾ ನಾನು?" ಎಂದು ಶುರುಮಾಡಿದ್ದರು. ಸೈರನ್ನು, ಲೋಕಲ್ಲು, ಕರಿಹಲಗೆ ಎಲ್ಲ ಆಮೇಲೆ ಒಂದೊಂದಾಗಿ ಸೇರಿಕೊಂಡವು.

ಗಿರಾಕಿಗಳು ಕೇಳಿ ನಕ್ಕು ಚಹಾ ಕುಡಿದು ಹೋಗುವವರು. ವಸಂತಿ ನಂಬುವವಳು. ಕಷ್ಟ ಶುರುವಾದದ್ದು ಅಲ್ಲಿ.

ಕನ್ನಡ ಸಂಘದ ಅರಶಿನ ಕುಂಕುಮಕ್ಕೆ ಹೋದವಳು ಕೋಪರಖೈರಣೆಯ ವಕೀಲೆ ಜಯಲತಾಳನ್ನು ಮನೆಗೇ ಕರೆತಂದಳು. ಜಯಲತಾ ಕಾಫಿ ಮುಟ್ಟುವ ಮೊದಲೇ ಚೀಲದಿಂದ ಪೆನ್ನು ತೆಗೆದಳು.

"ರಾಯರೇ, ಇದು ಯಾರದ್ದೂ ಉಪಕಾರದ ಮಾತಲ್ಲ. ಅಂಗವೈಕಲ್ಯ ಇರುವ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದ ತನಕ ಹತ್ತಿರದ ಶಾಲೆಯಲ್ಲಿ ಪುಕ್ಕಟೆ ಕಲಿಯುವ ಹಕ್ಕು ಅಂತ ಕಾನೂನೇ ಉಂಟು. ಹೊರಗೆ ಹಾಕಿದ್ದು ನಿಜವಾದರೆ ಬಿಡುವುದು ಬೇಡ. ನೀವು ಏನಾದರೂ ಬರೆದು ಕೊಟ್ಟಿದ್ದೀರಾ?"

"ನಾನಾ? ಬರೆಯುವುದಾ? ಸಿಂಹ ಎಲ್ಲಾದರೂ ಬರೆದು ಕೊಡುತ್ತದಾ?"

"ಸಾಕು ಮಾರಾಯ್ರೆ ನಿಮ್ಮ ಸಿಂಹ," ಎಂದಳು ವಸಂತಿ. ಆದರೆ ಹೇಳುವಾಗ ಮುಖದಲ್ಲಿ ಹೆಮ್ಮೆಯಿತ್ತು. ಆ ಹೆಮ್ಮೆಯನ್ನು ನೋಡಲಾಗದೆ ರಾಯರು ಇಡ್ಲಿ ಪಾತ್ರೆ ನೋಡುವ ನೆಪದಲ್ಲಿ ಹೊಟೇಲಿಗೆ ಓಡಿದರು. ರುಬ್ಬಿ ಮುಚ್ಚಿಟ್ಟ ಹಿಟ್ಟಿನ ಹಾಗೆ ಒಳಗೆ ಏನೋ ಉಬ್ಬುತ್ತಿತ್ತು.

ಅರ್ಜಿ ಹೋಯಿತು. ಮಾರ್ಚಿನಲ್ಲಿ ಕಲ್ಯಾಣದ ಶಿಕ್ಷಣ ಇಲಾಖೆಯ ಕಚೇರಿಯಿಂದ ಕರೆ ಬಂತು. ಆ ದಿನ ರಾಯರಿಗೆ ಪ್ರಪಂಚದಲ್ಲಿರುವ ಎಲ್ಲ ಕಾಯಿಲೆಗಳೂ ಬಂದವು, ವಸಂತಿ ಒಂದನ್ನೂ ಒಪ್ಪಲಿಲ್ಲ. ಶ್ರೀಪ್ರಿಯಾ ಮೂರು ತಿಂಗಳ ಮೇಲೆ ಯೂನಿಫಾರಂ ಹಾಕಿಕೊಂಡಿದ್ದಳು. ಇವತ್ತು ಅಧಿಕಾರಿ ಹೂಂ ಅಂದರೆ ನಾಳೆಯೇ ಶಾಲೆ ಎಂದು ಅವಳ ಲೆಕ್ಕ.

ರಾಯರು ವಾಡಿಕೆಯಂತೆ ಕಚೇರಿಗೆ ಒಂದು ಡಬ್ಬ ಕಾಯಿಹೋಳಿಗೆ ಒಯ್ದಿದ್ದರು. ಅಧಿಕಾರಿಣಿ ಅದನ್ನು ಮುಟ್ಟದೆ ಮೇಜಿನಾಚೆ ಸರಿಸಿದರು. ಮೂಲೆಯ ಕುರ್ಚಿಯಲ್ಲಿ ಶಾಲೆಯ ಹೆಡ್ ಮೇಡಂ ಕೂತಿದ್ದರು.

"ನಾವು ಯಾಕೆ ಹೊರಗೆ ಹಾಕುತ್ತೇವೆ ಮೇಡಂ?" ಎಂದರು ಹೆಡ್ ಮೇಡಂ ಹಿಂದಿಯಲ್ಲಿ. "ಇವಳಿಗೋಸ್ಕರ ಕೆಳಗೆ ತಂದ ಕ್ಲಾಸು ಇನ್ನೂ ಕೆಳಗೇ ಇದೆ. ಇವಳ ಬೆಂಚೂ ಖಾಲಿ ಇದೆ."

ಅಧಿಕಾರಿಣಿ ಫೈಲಿನಿಂದ ಒಂದು ಹಳದಿ ಹಾಳೆ ತೆಗೆದರು. ಹೊಟೇಲಿನ ಪಾರ್ಸೆಲ್ ಪ್ಯಾಡಿನದು. ತಲೆಯಲ್ಲಿ ಹೊಟೇಲಿನ ಹೆಸರು, ಮೂಲೆಯಲ್ಲಿ ಚಟ್ನಿಯ ಕಲೆ.

"ಹೀ ತುಮಚೀ ಸಹೀ ಆಹೇ ನಾ?"

ಸಹಿ ರಾಯರದೇ. ತಟ್ಟನೆ ಒಂದು ದಾರಿ ಹೊಳೆಯಿತು. "ನಾವು ಹೊಟೇಲಿನವರು ಮೇಡಂ. ದಿನಕ್ಕೆ ಹತ್ತು ಇನ್ಸ್‌ಪೆಕ್ಟರುಗಳು ಬರುತ್ತಾರೆ. ಎದುರಿಗೆ ಕಾಗದ ಇಟ್ಟರೆ ಓದುವ ಅಭ್ಯಾಸವಿಲ್ಲ. ಸಹಿ ಹಾಕಿ ಕಾಫಿ ಕೊಡುವುದೇ ನಮ್ಮ ಕ್ರಮ."

ವಸಂತಿ ಹೌದೆಂದು ತಲೆಯಾಡಿಸಿದಳು. ಜಯಲತಾಳೂ ಪೆನ್ನೆತ್ತಿದಳು. ಆಮೇಲೆ ಬಗ್ಗಿ ಹಾಳೆ ನೋಡಿ, ನಿಧಾನವಾಗಿ ಪೆನ್ನು ಕೆಳಗಿಟ್ಟಳು.

"ರಾಯರೇ, ಸಹಿ ಮಾತ್ರ ಅಲ್ಲ, ಬರೆದದ್ದೂ ನಿಮ್ಮದೇ ಕೈ."

ಹಿಂದಿಯಲ್ಲಿ ಮೂರೇ ಸಾಲು. ಅಧಿಕಾರಿಣಿ ಗಟ್ಟಿಯಾಗಿ ಓದಿದರು. ನನ್ನ ಮಗಳಿಗೆ ಶಾಲೆಗೆ ಬರಲು ಮನಸ್ಸಿಲ್ಲ. ಅವಳ ಇಚ್ಛೆಯಂತೆ ಹೆಸರು ತೆಗೆಯಬೇಕು. ಇಂದಿನಿಂದಲೇ.

ವಾಕರಿನ ರಬ್ಬರು ಕಾಲು ನೆಲಕ್ಕೆ ಉಜ್ಜಿದ ಸದ್ದಾಯಿತು. ಶ್ರೀಪ್ರಿಯಾ ಎದ್ದು ನಿಂತಿದ್ದಳು.

"ಮೈನೇ ಐಸಾ ಕಬ್ ಬೋಲಾ, ಅಪ್ಪಾ?"

ನಾನು ಹಾಗೆ ಯಾವಾಗ ಹೇಳಿದೆ. ಇದಕ್ಕೆ ಉತ್ತರವಾಗಿ ಹೇಳಬಹುದಾದ ಹದಿನಾರು ಕತೆಗಳು ರಾಯರ ನಾಲಿಗೆಯ ತುದಿಗೆ ಬಂದವು. ಒಂದಕ್ಕೂ ಅವಳ ಮುಖ ನೋಡಿಕೊಂಡು ಹೊರಗೆ ಬರುವ ಧೈರ್ಯವಿರಲಿಲ್ಲ. ಅವರು ಏನೋ ಅಂದರು.

"ಜೋರಾತ್ ಬೋಲಾ," ಎಂದರು ಅಧಿಕಾರಿಣಿ. ಗಟ್ಟಿಯಾಗಿ ಹೇಳಿ. ಲೋಕಲ್ ನಿಲ್ಲಿಸಿದ ಗಂಟಲು ಮೇಜು ದಾಟುತ್ತಿರಲಿಲ್ಲ.

"ಅವಳು ಹೇಳಲಿಲ್ಲ," ಎಂದರು ರಾಯರು. "ಯಾರೂ ಹೊರಗೆ ಹಾಕಲಿಲ್ಲ. ನಾನು ಕೂಗಲೂ ಇಲ್ಲ."

"ಮತ್ತೆ?" ವಸಂತಿಯ ದನಿ ತೀರ ಸಣ್ಣದಾಗಿತ್ತು.

"ಮೋಹನದಾಸರು..."

ಮೋಹನದಾಸರೆಂದರೆ ಹೊಟೇಲು ಮಾಲಕರ ಸಂಘದ ಅಧ್ಯಕ್ಷರು. ಅವರ ನಾಲ್ಕು ಮೊಮ್ಮಕ್ಕಳ ಪದಕದ ಫೋಟೋಗಳನ್ನು ನೋಡಿ ನೋಡಿ ಬೇಸತ್ತ ಒಂದು ದಿನ ರಾಯರು, ನಮ್ಮ ಶ್ರೀಪ್ರಿಯಾ ಓಟದಲ್ಲಿ ಇಡೀ ಠಾಣೆ ಜಿಲ್ಲೆಗೇ ಫಸ್ಟು ಎಂದುಬಿಟ್ಟಿದ್ದರು. ಮೋಹನದಾಸರು ಮಗುವನ್ನು ನೋಡಿದವರೇ ಅಲ್ಲ. ಒಂದು ವರ್ಷ ಆ ಓಟ ಚೆನ್ನಾಗಿಯೇ ಓಡಿತು. ಡಿಸೆಂಬರಿನಲ್ಲಿ ಅವರನ್ನೇ ಶಾಲೆಯ ಕ್ರೀಡಾದಿನಕ್ಕೆ ಮುಖ್ಯ ಅತಿಥಿಯಾಗಿ ಕರೆದರು. 'ನಿಮ್ಮ ಮಗಳಿಗೆ ನಾನೇ ಕಪ್ ಕೊಡುತ್ತೇನೆ ರಾಯರೇ' ಎಂದು ಫೋನು ಬಂತು.

"ಒಂದು ದಿನ ರಜೆ ಹಾಕಿಸಿದ್ದರೆ ಆಗುತ್ತಿತ್ತಲ್ಲ?" ಎಂದಳು ಜಯಲತಾ.

"ಮುಂದಿನ ವರ್ಷವೂ ಬರುತ್ತಾರೆ. ಹೆಸರೇ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ ಅಂದುಕೊಂಡೆ. ಬೇರೆ ದೊಡ್ಡ ಶಾಲೆಗೆ ಹಾಕಿದೆ ಅಂತ ಅವರಿಗೆ ಹೇಳಿದೆ." ರಾಯರು ಮಗಳ ಕಡೆ ತಿರುಗಿದರು. ನೋಟ ಅವಳ ವಾಕರಿನ ಹಿಡಿಯ ತನಕ ಹೋಗಿ ನಿಂತಿತು. "ಕಾಗದವನ್ನು ಎರಡು ಸಲ ಓದಿಯೇ ಕೊಟ್ಟದ್ದು ಮಗಾ. ನಿನ್ನ ಕಾಲಿಗೆ ನಾಚಿಕೆಪಟ್ಟೆ ನಾನು."

ಅಧಿಕಾರಿಣಿ ಫೈಲಿನಲ್ಲಿ ಏನೋ ಬರೆದರು. ಹಕ್ಕು ಮಗುವಿನದು, ಅಪ್ಪ ಬರೆದುಕೊಟ್ಟರೆ ಅದು ಹೋಗುವುದಿಲ್ಲ, ಸೋಮವಾರದಿಂದ ಕಳಿಸಿ ಎಂದರು. ಹೆಡ್ ಮೇಡಂ ಆಗಲಿ ಎಂದರು. ವಸಂತಿ ಗಂಡನ ಕಡೆ ನೋಡದೆ ಮಗಳ ಚೀಲ ಹೆಗಲಿಗೆ ಹಾಕಿಕೊಂಡಳು.

ಬಾಗಿಲ ಹತ್ತಿರ ಶ್ರೀಪ್ರಿಯಾ ವಾಕರ್ ನಿಲ್ಲಿಸಿ ಹಿಂದೆ ತಿರುಗಿದಳು.

"ಅಪ್ಪಾ, ವೋ ಸೈರನ್ ವಾಲಾ?"

"ಅದೂ ಸುಳ್ಳು."

"ಟ್ರೇನ್ ಭೀ?"

"ಟ್ರೇನೂ," ಎಂದರು ರಾಯರು. "ನಾನು ಶಾಲೆಯ ಗೇಟಿನ ಒಳಗೇ ಹೋಗಿರಲಿಲ್ಲ. ಕಾಗದವನ್ನು ವಾಚ್‌ಮನ್ ಕೈಯಲ್ಲಿ ಕೊಟ್ಟು, ನೀನು ಹೊರಗೆ ಬರುವ ತನಕ ರಿಕ್ಷಾದಲ್ಲೇ ಕೂತಿದ್ದೆ."