ಕತ್ತರಿ ಕಣಿವೆಯ ದೀಪ

ನಮ್ಮೂರಿನ ನೀರಿನ ಮನೆಯ ಬಾಗಿಲ ಮೇಲೆ ಒಂದು ದವಡೆಯನ್ನು ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಎರಡು ಮೊಳ ಉದ್ದ, ಕಪ್ಪು ಬಣ್ಣ, ಒಳಗಿನ ಅಂಚು ಇವತ್ತಿಗೂ ಹರಿತ. ಹೊಸದಾಗಿ ಈ ಗ್ರಹಕ್ಕೆ ಬಂದಿಳಿದವರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಅವರು ಅದರ ನಡುವೆ ಕೈಯಿಟ್ಟು, ಹೆದರಿದವರಂತೆ ಚೀರಿ, ನಗುತ್ತಾರೆ. ಆಮೇಲೆ ಯಾರಾದರೊಬ್ಬರು ನನ್ನ ಕಡೆ ಬೆರಳು ತೋರಿಸಿ, "ಅಗೋ, ಒಬ್ಬನೇ ಏಳು ಕತ್ತರಿ ಕೊಂದ ಮನುಷ್ಯ" ಎನ್ನುತ್ತಾರೆ.

ಏಳಲ್ಲ, ಒಂದು. ಅದನ್ನೂ ಹೇಗೆ ಕೊಂದೆ ಎಂದು ಮುಂದೆ ಹೇಳುತ್ತೇನೆ. ಈ ಸುಳ್ಳನ್ನು ತಿದ್ದಬಹುದಾಗಿದ್ದ ಒಬ್ಬರು ಆಗ ಊರಿನಲ್ಲಿರಲಿಲ್ಲ. ನಾನಿದ್ದೆ, ಸುಮ್ಮನಿದ್ದೆ. ಹೊಗಳಿಕೆ ಯಾರಿಗೆ ಬೇಡ? ಈಗ ವಯಸ್ಸಾಗಿದೆ, ಮರ್ಯಾದೆಯ ಹಂಗು ಹರಿದಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿನ ಸೂರ್ಯ ಸಣ್ಣದು, ತಾಮ್ರದ ಬಣ್ಣದ್ದು. ಗಾಳಿ ತೆಳು, ನಿಧಾನ ನಡೆದರೆ ಉಸಿರು ಸಾಲುತ್ತದೆ, ಓಡಿದರೆ ಇಲ್ಲ. ಹೊತ್ತು ಮುಳುಗಿದ ಮೇಲೆ ಹೊರಗುಳಿದವರು ಒಂದು ಗಂಟೆಯಲ್ಲಿ ಸೆಟೆದುಹೋಗುತ್ತಾರೆ. ಹಾಗಾಗಿ ನಮ್ಮ ಹಿರಿಯರು ಬೆಟ್ಟದ ಹೊಟ್ಟೆ ಕೊರೆದು ಊರು ಮಾಡಿ, ಅದಕ್ಕೊಂದು ಕಬ್ಬಿಣದ ಬಾಗಿಲು ಇಟ್ಟರು. ನೀರು ಮಾತ್ರ ದೂರದ ಹಿಮದ ಗುಂಡಿಗಳಿಂದ ಬರಬೇಕಿತ್ತು. ನಡುವೆ ಬಿಸಿಲು ತಳ ಮುಟ್ಟದಷ್ಟು ಆಳದ ಕಣಿವೆ. ಸುತ್ತಿ ಬಂದರೆ ಎರಡು ದಿನ, ಒಳಗಿಂದ ಹಾಯ್ದರೆ ಅರ್ಧ ದಿನ.

ಕಣಿವೆಯಲ್ಲಿ ಕತ್ತರಿಗಳಿದ್ದವು. ಹೋರಿಯಷ್ಟು ಎತ್ತರ, ಎಂಟು ಕಾಲು, ಕಣ್ಣಿಲ್ಲ. ಬೆಳಕು ಚರ್ಮಕ್ಕೆ ತಾಗಿದರೆ ಸಾಕು, ಅದು ಬಂದ ಕಡೆಗೆ ನುಗ್ಗುತ್ತಿದ್ದವು. ಒಮ್ಮೆ ಯಾವನೋ ಕಣಿವೆಯಲ್ಲಿ ದೊಡ್ಡ ದೀಪ ಹಾಕಿ ಹತ್ತೊಂಬತ್ತು ಜನ ಸತ್ತಿದ್ದರು. ಅಂದಿನಿಂದ ಪಂಚಾಯ್ತಿ ಒಂದು ಕಟ್ಟಳೆ ಮಾಡಿತ್ತು: ಅಲ್ಲಿ ದೀಪ ಹೆಚ್ಚಿಸಿ ಜನರನ್ನು ಸಾಯಿಸಿದವರಿಗೆ ಊರೊಳಗೆ ಜಾಗವಿಲ್ಲ. ಹೊತ್ತು ಮುಳುಗುವ ಮೊದಲು ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಬಿಡಬೇಕು.

ನಾನು ಹಿಮದ ಗಾಡಿಯ ದೀಪದವನು. ಗಾಡಿಯ ತಲೆಯ ಮೇಲೆ ಕಬ್ಬಿಣದ ಸರಳುಗಳ ಒಂದು ಪಂಜರ, ಅದರೊಳಗೆ ನಾನು, ನನ್ನ ಮುಂದೆ ದೀಪ. ಅದಕ್ಕೊಂದು ತಿರುಗಣೆ. ಎಡಕ್ಕೆ ತಿರುಗಿಸಿದರೆ ಆರುತ್ತದೆ, ಬಲಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಇಷ್ಟಕ್ಕೇ ನನಗೆ ಬಹಳ ಜಂಬವಿತ್ತು.

ಗಾಡಿಯ ಯಜಮಾನಿ ಚೆನ್ನಾಜಮ್ಮ. ಭೂಮಿಯಲ್ಲೇ ಹುಟ್ಟಿ ಬೆಳೆದು, ಮದುವೆಯಾದ ಮೇಲೆ ಇಲ್ಲಿಗೆ ಬಂದವರು. ಹಾಗೆ ಬಂದವರಲ್ಲಿ ಆಗ ಉಳಿದಿದ್ದವರೇ ನಾಲ್ಕೈದು ಜನ. ನಾವೆಲ್ಲ ಇಲ್ಲೇ ಹುಟ್ಟಿದವರು. ಭೂಮಿ ಎಂದರೆ ನಮಗೆ ಹಿರಿಯರ ಗೊಣಗಾಟ, ಅಷ್ಟೆ. ಚೆನ್ನಾಜಮ್ಮ ಬೈದರೆ ಕಬ್ಬಿಣವೂ ಬೆವರುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆದರೆ ಗಾಡಿಯಲ್ಲಿ ಅವರ ಮಾತಿಗೆ ಎರಡನೆಯ ಮಾತಿರಲಿಲ್ಲ. ಅವರ ಒಬ್ಬನೇ ಮಗ ನಂಜರಾಜ ನಮ್ಮ ಜೊತೆ ಹಿಮ ಒಡೆಯುತ್ತಿದ್ದ. ನನ್ನ ವಾರಿಗೆಯವನು, ನನ್ನ ಸ್ನೇಹಿತ.

ಆ ದಿನ ಬೆಳಿಗ್ಗೆ ಗುಂಡಿಯಲ್ಲಿ ಹಿಮದ ಬಂಡೆಯೊಂದು ಜಾರಿ ನಂಜರಾಜನ ತೊಡೆಯ ಮೇಲೆ ಕೂತಿತು. ಬಂಡೆ ಎತ್ತಿದಾಗ ಕಾಲು ಚಪ್ಪಟೆಯಾಗಿತ್ತು, ಬಿಳಿ ಮೂಳೆ ಚರ್ಮದಿಂದ ಹೊರಗೆ ಬಂದಿತ್ತು. ಚೆನ್ನಾಜಮ್ಮ ತಮ್ಮ ಸೆರಗು ಹರಿದು ಬಿಗಿದರು. ರಕ್ತ ನಿಲ್ಲಲಿಲ್ಲ. ಡಾಕ್ಟರು ಇದ್ದದ್ದು ಊರಿನಲ್ಲಿ.

"ಸುತ್ತಿ ಹೋದ್ರೆ ಇವನು ಸತ್ತೇ ಹೋಗ್ತಾನೆ ಕಣಮ್ಮ" ಎಂದ ಗಾಡಿ ಓಡಿಸುವ ಮರಿಸ್ವಾಮಿ.

ಚೆನ್ನಾಜಮ್ಮ ಅವನ ಬಾಯಿಗೆ ಫಟಾರನೆ ಹೊಡೆದರು. "ಬಿಡ್ತು ಅನ್ನು! ಗಾಯ ಆದೋನ ಮುಂದೆ ಎಂಥ ಮಾತಾಡ್ತೀಯ?"

"ಬಿಡ್ತು, ಬಿಡ್ತು" ಎಂದು ಮರಿಸ್ವಾಮಿ ತುಟಿ ಒರೆಸಿಕೊಂಡ. "ಹಾಗಾದ್ರೆ ಕಣಿವೆಗೇ ಬಿಡ್ಲಾ?"

"ಬಿಡು."

ಕಣಿವೆಯೊಳಗೆ ಗೋಡೆಗೆ ತಲುಪದಷ್ಟು ಮಂದ ಬೆಳಕಿಗೆ ಮಾತ್ರ ಅಪ್ಪಣೆ. ಅಷ್ಟೇ ಇಟ್ಟುಕೊಂಡು, ದಾರಿಯ ಅಂಚು ನೋಡುತ್ತ, ನಾನು ಮೇಲಿಂದ "ಎಡಕ್ಕೆ, ಬಲಕ್ಕೆ" ಎನ್ನುತ್ತಿದ್ದೆ. ಕಾಲ ಬಳಿಯ ಕಿಂಡಿಯಿಂದ ಗಾಡಿಯ ಒಳಗು ಕಾಣುತ್ತಿತ್ತು. ನಂಜರಾಜನ ತಲೆ ತಾಯಿಯ ತೊಡೆಯ ಮೇಲಿತ್ತು, ಅವರ ಕೈ ಅವನ ಎದೆಯ ಮೇಲೆ. "ಅವ್ವಾ, ಚಳಿ" ಎಂದು ಅವನು ಒಂದೆರಡು ಸಲ ಅಂದ.

ಅರ್ಧ ದಾರಿಯಲ್ಲಿ, ಎಡಗಡೆಯ ಬಂಡೆಯ ಮೇಲೆ, ದವಡೆಯೊಂದು ಕಟ್ ಎಂದಿತು. ಸ್ವಲ್ಪ ಹೊತ್ತಿಗೆ ಬಲಗಡೆಯೂ ಕಟ್ ಎಂದಿತು. ಮರಿಸ್ವಾಮಿ ಗಾಡಿ ನಿಲ್ಲಿಸಿದ. ಸದ್ದು ಕೇಳಿದ ಕೂಡಲೇ ದೀಪ ಪೂರ್ತಿ ಆರಿಸಬೇಕು. ಅದು ನನಗೆ ಬಾಯಿಪಾಠವಾಗಿದ್ದ ನಿಯಮ. ನನ್ನ ಕೈ ತಿರುಗಣೆಯನ್ನು ಎಡಕ್ಕೆ ತಿರುಗಿಸುವುದರಲ್ಲಿತ್ತು. ಅಷ್ಟರಲ್ಲಿ ಕಿಂಡಿಯಿಂದ ಚೆನ್ನಾಜಮ್ಮನ ದನಿ ಬಂತು.

"ದೀಪ ದೊಡ್ಡದು ಮಾಡೋ! ಬೇಗ ದೊಡ್ಡದು ಮಾಡು!"

ನಾನು ಒಂದು ಕ್ಷಣ ತಡವರಿಸಿದೆ. ಕತ್ತರಿಗಳು ಸಣ್ಣ ಬೆಳಕಿಗೆ ಬರುತ್ತವೆ, ಕಣ್ಣು ಕುಕ್ಕುವ ಬೆಳಕಿಗೆ ಸುಟ್ಟು ಸಾಯುತ್ತವೆ ಎಂದು ಊರಿನಲ್ಲಿ ಕೆಲವರು ಹೇಳುವುದಿತ್ತು. ಯಜಮಾನಿಗೆ ಗೊತ್ತಿರಬೇಕು ಅಂದುಕೊಂಡೆ. ತಿರುಗಣೆಯನ್ನು ಬಲಕ್ಕೆ, ನಿಲ್ಲುವವರೆಗೂ ತಿರುಗಿಸಿದೆ.

ಕಣಿವೆ ಹಗಲಾಯಿತು. ಎರಡೂ ಕಡೆಯ ಗೋಡೆಗಳ ತುಂಬ ಅವು ಮಲಗಿದ್ದವು, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು. ಎಲ್ಲವೂ ಒಟ್ಟಿಗೇ ಎದ್ದವು.

ಮೊದಲನೆಯದು ಮುಂದಿನ ಗಾಜು ಒಡೆದು ತಲೆ ತೂರಿಸಿ ಮರಿಸ್ವಾಮಿಯ ಸೊಂಟ ಹಿಡಿಯಿತು. ಅವನು ಕೂಗಲೂ ಇಲ್ಲ. ದವಡೆ ಮುಚ್ಚಿದಾಗ ಅವನ ಮೇಲಿನ ಅರ್ಧ ಸ್ಟಿಯರಿಂಗ್ ಹಿಡಿದುಕೊಂಡೇ ಪಕ್ಕಕ್ಕೆ ವಾಲಿತು. ಇನ್ನೊಂದು ನನ್ನ ಪಂಜರಕ್ಕೆ ಏರಿ ಸರಳುಗಳನ್ನು ಕಚ್ಚಿತು. ಕತ್ತರಿ ಕೊಂದ ವೀರನ ಕತೆ ಇಷ್ಟೇ: ಹಿಮ ಒಡೆಯುವ ಕೊಡಲಿ ಕೈಗೆ ಸಿಕ್ಕಿತು, ಕಣ್ಣು ಮುಚ್ಚಿಕೊಂಡು, ಉಚ್ಚೆ ಹೊಯ್ದುಕೊಂಡು, ಗೊಳೋ ಎಂದು ಅಳುತ್ತ ಬಡಿದೆ. ಹುಳಿ ನಾತದ ಬಿಳಿ ರಕ್ತ ಮುಖಕ್ಕೆ ಹಾರಿತು. ಕೀಲು ಕಡಿದು ಮೈ ಕೆಳಗೆ ಬಿತ್ತು, ದವಡೆ ಮಾತ್ರ ಸರಳುಗಳಿಗೆ ಕಚ್ಚಿಕೊಂಡೇ ಉಳಿಯಿತು. ನೀರಿನ ಮನೆಯ ಬಾಗಿಲ ಮೇಲಿರುವುದು ಅದೇ.

ಕಣ್ಣು ಬಿಟ್ಟು ಕಿಂಡಿಯಿಂದ ನೋಡಿದೆ. ಪಕ್ಕದ ಬಾಗಿಲು ಕಿತ್ತುಹೋಗಿತ್ತು. ಒಂದು ಕತ್ತರಿ ನಂಜರಾಜನ ಮುರಿದ ಕಾಲನ್ನು ಹಿಡಿದು ಹೊರಗೆಳೆಯುತ್ತಿತ್ತು. ಚೆನ್ನಾಜಮ್ಮ ಅವನ ಕಂಕುಳಿಗೆ ಎರಡೂ ತೋಳು ಹಾಕಿ, ಪಾದಗಳನ್ನು ಬಾಗಿಲ ಚೌಕಟ್ಟಿಗೆ ಒದ್ದು, ಹಿಂದಕ್ಕೆ ಜಗ್ಗುತ್ತಿದ್ದರು. ಗಾಡಿಯಲ್ಲಿ ಸದಾ ಇಟ್ಟಿರುತ್ತಿದ್ದ ಕೋವಿ ಅವರ ಪಕ್ಕದಲ್ಲೇ ಬಿದ್ದಿತ್ತು. ಎತ್ತಿಕೊಳ್ಳಲು ಕೈ ಬಿಡುವಿರಲಿಲ್ಲ.

"ದೊಡ್ಡದು ಮಾಡೋ ಪಾಪಿ!" ಎಂದು ಕಿರುಚಿದರು. "ಎಷ್ಟು ಸಲ ಹೇಳ್ಲಿ, ದೊಡ್ಡದು ಮಾಡು!"

"ಮಾಡಿದೀನಮ್ಮ!" ನಾನೂ ಕಿರುಚಿದೆ. "ಪೂರ್ತಿ ಮಾಡಿದೀನಿ, ಇನ್ನು ತಿರುಗಲ್ಲ!"

ಅವರು ತಲೆಯೆತ್ತಿ ನನ್ನನ್ನು ನೋಡಿದರು. ತೆರೆದ ಬಾಯಿ ಹಾಗೇ ನಿಂತಿತು. ಬೈಗುಳ ಬರುತ್ತದೆ ಅಂದುಕೊಂಡೆ, ಬರಲಿಲ್ಲ.

"ಅವ್ವಾ, ಬಿಡಬ್ಯಾಡ" ಎಂದ ನಂಜರಾಜ.

ಅವರು ಬಿಟ್ಟರು. ಬಲಗೈ ತೆಗೆದು ಕೋವಿ ಎತ್ತಿ ನನ್ನತ್ತ ಗುರಿಯಿಟ್ಟರು. ನನ್ನ ಕತೆ ಮುಗಿಯಿತು ಅಂದುಕೊಂಡೆ. ಗುಂಡು ನನ್ನ ಕಿವಿಯ ಪಕ್ಕದಲ್ಲಿ ಹಾದು ದೀಪ ಚೂರುಚೂರಾಯಿತು. ಕತ್ತಲಾಯಿತು. ಒಂದೇ ಕೈಯಲ್ಲಿ ಮಗನನ್ನು ತಡೆದು ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಕಲ್ಲಿನ ಮೇಲೆ ಎಳೆದುಕೊಂಡು ಹೋಗುವ ಸದ್ದು ಕೇಳಿಸಿತು. ದೂರದಿಂದ ಎರಡು ಸಲ ಅವ್ವಾ ಎಂದ. ಮೂರನೆಯದು ಬರಲಿಲ್ಲ.

ಬೆಳಕು ಹೋದದ್ದೇ, ಉಳಿದ ಕತ್ತರಿಗಳು ಒಂದೊಂದಾಗಿ ಗೋಡೆ ಹತ್ತುವ ಸದ್ದು ಬಂತು. ಚೆನ್ನಾಜಮ್ಮ ಮುಂದೆ ಹೋಗಿ, ಮರಿಸ್ವಾಮಿಯ ಉಳಿದ ದೇಹವನ್ನು ಮೆಲ್ಲಗೆ ತಳ್ಳಿ, "ಸ್ವಲ್ಪ ಸರಿಯಪ್ಪ" ಎಂದು ಅವನ ಜಾಗದಲ್ಲಿ ಕೂತರು. ಗಾಡಿಯ ಪಕ್ಕವನ್ನು ಬಂಡೆಗೆ ಉಜ್ಜಿಸಿಕೊಂಡೇ, ಆ ಸದ್ದಿನ ಮೇಲೆ ದಾರಿ ಹಿಡಿದು, ಕತ್ತಲಲ್ಲಿ ಊರಿನವರೆಗೂ ತಂದರು. ದಾರಿಯುದ್ದಕ್ಕೂ ನಮ್ಮ ದೀಪಕ್ಕೇ ಯಾಕೆ ಹೊಡೆದರು ಎಂದು ಯೋಚಿಸುತ್ತಿದ್ದೆ. ಗುರಿ ತಪ್ಪಿರಬೇಕು, ಪಾಪ, ಎಂದುಕೊಂಡೆ. ನನ್ನ ದಡ್ಡತನಕ್ಕೆ ಈಗ ಹೇಸಿಗೆಯಾಗುತ್ತದೆ.

ಮಧ್ಯಾಹ್ನದ ಮೇಲೆ ಪಂಚಾಯ್ತಿ ಸೇರಿತು. ಇಬ್ಬರು ಸತ್ತಿದ್ದರು, ದೀಪ ಹೆಚ್ಚಿದ್ದು ನಿಜ, ತಿರುಗಣೆ ಹಿಡಿದವನು ನಾನು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅವರೇ ದೊಡ್ಡದು ಮಾಡು ಅಂದ್ರು, ನಾನು ಮಾಡ್ದೆ" ಎಂದೆ. "ನಾನು ಆರಿಸೋದ್ರಲ್ಲೇ ಇದ್ದೆ. ಅವರೇ ಕೂಗಿದ್ರು."

ಪಂಚರಲ್ಲಿ ಹಿರಿಯರಾದ ವೆಂಕಟಾಚಲಯ್ಯ ತಟ್ಟನೆ ನೆಟ್ಟಗೆ ಕೂತರು. ಅವರೂ ಭೂಮಿಯಿಂದ ಬಂದವರು. "ಏನಂದ್ರು ಅಂದೆ? ದೊಡ್ಡದು ಮಾಡು ಅಂತಲೇ ಅಂದ್ರಾ? ಚೆನ್ನಾಜಮ್ಮ, ನೀವು ಹೇಳಿದ್ದು..."

"ದೊಡ್ಡದು ಮಾಡು ಅಂದೆ. ಅವನು ಮಾಡಿದ" ಎಂದರು ಚೆನ್ನಾಜಮ್ಮ. "ಗಾಡೀಲಿ ನನ್ನ ಮಾತು ನಡೆಯೋದು. ತಪ್ಪು ನಂದು."

"ಅಲ್ಲಮ್ಮ, ನಮ್ಮ ಕಡೆ ಹಾಗಂದ್ರೆ..."

"ನಮ್ಮ ಕಡೆ ಅನ್ನೋದು ಎಲ್ಲಿದೆ ಸ್ವಾಮಿ ಈಗ? ಬರ್ಕೊಳ್ಳಿ. ತಪ್ಪು ನಂದು."

ವೆಂಕಟಾಚಲಯ್ಯ ಬರೆದುಕೊಂಡರು. ಪಂಚಾಯ್ತಿ ಚೆನ್ನಾಜಮ್ಮನನ್ನು ಹೊರಗೆ ಕಳಿಸುವ ತೀರ್ಮಾನ ಮಾಡಿತು. ನಾನು ಬದುಕಿದೆ ಎಂದು ಗೋಡೆಗೆ ಒರಗಿ ಉಸಿರು ಬಿಟ್ಟೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಸಂತೋಷವೇ ಆಗಿತ್ತು.

ಹೊರಗೆ ಬರುವಾಗ ವೆಂಕಟಾಚಲಯ್ಯ ನನ್ನ ರಟ್ಟೆ ಹಿಡಿದು ಮೂಲೆಗೆಳೆದರು.

"ಎಣ್ಣೆ ದೀಪ ನೋಡಿದೀಯೇನೋ ನೀನು?"

"ಇಲ್ಲ."

"ಅದೇ. ನಮ್ಮ ಮನೆಗಳಲ್ಲಿ ದೀಪ ಆರಿಸು ಅಂತ ಯಾರೂ ಬಾಯಲ್ಲಿ ಅಂತಿರ್ಲಿಲ್ಲ. ಅಪಶಕುನ. ಅದಕ್ಕೇ ದೀಪ ದೊಡ್ಡದು ಮಾಡು ಅನ್ನೋದು. ದೊಡ್ಡದು ಮಾಡು ಅಂದ್ರೆ ಆರಿಸು ಅಂತ ಕಣೋ!"

ಸ್ವಿಚ್ಚು ತಿರುಗಣೆಗಳ ಈ ಊರಿನಲ್ಲಿ ನಾನು ಆ ಮಾತು ಕೇಳಿಯೇ ಇರಲಿಲ್ಲ. ಗಾಡಿಯಲ್ಲಿ ಅವರು ಯಾವತ್ತೂ 'ಎಡಕ್ಕೆ ತಿರುಗಿಸು' ಎನ್ನುತ್ತಿದ್ದರು. ಆ ದಿನ ಮಾತ್ರ ಹಾಗೆ ಬಂದಿತ್ತು.

"ನೀನು ಒಳಗೆ ಹೋಗಿ ಹೇಳ್ತೀಯೋ ಇಲ್ವೋ ನಿಂಗೆ ಬಿಟ್ಟದ್ದು" ಎಂದರು ವೆಂಕಟಾಚಲಯ್ಯ. "ನನ್ನ ಬಾಯಿ ಆಯಮ್ಮ ಕಟ್ಟಿಬಿಟ್ಳು."

ಲೆಕ್ಕ ಸರಳವಾಗಿತ್ತು. ಅವರು ಆರಿಸು ಎಂದದ್ದು ಎಂದಾದರೆ, ಹೆಚ್ಚಿಸಿದವನು ನಾನು. ಬಾಯಿ ಬಿಟ್ಟರೆ ನಾನು ಹೊರಗೆ, ಮುಚ್ಚಿದರೆ ಅವರು. ಪಂಚಾಯ್ತಿಯ ಕೋಣೆಯ ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ಹೊತ್ತು ಇಳಿಯುವವರೆಗೂ ಅದನ್ನು ನೋಡುತ್ತ ನಿಂತೆ, ಒಳಗೆ ಹೋಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ನನಗೆ ಬದುಕು ಬಹಳ ರುಚಿಯಾಗಿತ್ತು.

ಹೊರಗೆ ಹೋಗುವವರ ಹಿಂದೆ ಬಾಗಿಲು ಹಾಕಬೇಕಾದದ್ದು ಅದೇ ಗಾಡಿಯಲ್ಲಿ ಬದುಕಿ ಉಳಿದವನು. ಅದೂ ಕಟ್ಟಳೆಯೇ. ಚೆನ್ನಾಜಮ್ಮ ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದಿದ್ದರು. ತೋಳಿನ ಮೇಲೆ ನಂಜರಾಜನ ಕಂಬಳಿ ಇತ್ತು.

"ಚಳಿ ಅಂತಿದ್ದ" ಎಂದರು. "ಹೊದಿಸಿ ಬರ್ತೀನಿ."

"ಅಮ್ಮಾ" ಎಂದೆ. "ನಂಗೆ ಗೊತ್ತಾಯ್ತು. ದೀಪದ ಮಾತು."

ಅವರು ಕಂಬಳಿಯ ಮಡಿಕೆ ಸರಿ ಮಾಡಿದರು. "ಅವನ ಎದೆ ಮೇಲೆ ಕೈ ಇಟ್ಕೊಂಡಿದ್ದೆ ಕಣಪ್ಪ. ಎದೆ ಇಷ್ಟಿಷ್ಟೇ ಹೊಡ್ಕೋತಿತ್ತು. ಹಾಗೆ ಕೈ ಇಟ್ಕೊಂಡು ಆರಿಸು ಅನ್ನೋಕೆ ನಾಲಗೆ ಬರ್ಲಿಲ್ಲ."

"ನಾನು ಒಳಗೆ ಹೋಗಿ ಹೇಳ್ಲಾ?" ಎಂದೆ. ಬೇಡ ಅನ್ನಲಿ ಎಂದೇ ಕೇಳಿದೆ. ಅದು ಅವರಿಗೂ ಗೊತ್ತಿತ್ತು.

"ಬೇಡ. ನನ್ನ ಮಗನ್ನ ಕೈ ಬಿಟ್ಟೋಳು ನಾನು. ಇನ್ನು ಒಳಗಿದ್ದು ಏನು ಮಾಡ್ಲಿ?"

ಹೊಸ್ತಿಲು ದಾಟಿ ಹೊರಗೆ ನಿಂತು, ಬೆನ್ನು ತಿರುಗಿಸಿಯೇ, "ಬಾಗಿಲು ಮುಂದಕ್ಕೆ ಮಾಡು" ಎಂದರು.

ಬಾಗಿಲ ಚಕ್ರವನ್ನು ಹಿಡಿದೇ ನಿಂತುಬಿಟ್ಟೆ. ಮುಂದಕ್ಕೆ ಎಂದರೆ ಯಾವ ಕಡೆಗೆ? ತೆಗೆಯುವುದೋ, ಹಾಕುವುದೋ? ಮತ್ತೊಂದು ಸಲ ತಪ್ಪು ಮಾಡುವ ಧೈರ್ಯ ನನಗಿರಲಿಲ್ಲ.

"ಮುಂದಕ್ಕೆ ಅಂದ್ರೆ ಏನಮ್ಮ?" ಎಂದೆ.

ಅವರು ತಿರುಗಿ ನೋಡಿದರು. ಸಿಟ್ಟಿರಲಿಲ್ಲ. ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುವವರ ಹಾಗೆ ಬಿಡಿಸಿ ಹೇಳಿದರು.

"ಹಾಕು. ಬಾಗಿಲು ಹಾಕಪ್ಪ."

ಹಾಕಿದೆ. ಗಾಜಿನ ಕಿಂಡಿಗೆ ಹಣೆ ಒತ್ತಿ ನೋಡುತ್ತ ನಿಂತೆ. ನಮ್ಮ ಗಾಡಿಯ ಚಕ್ರಗಳ ಗುರುತು ಧೂಳಿನಲ್ಲಿ ಇನ್ನೂ ಹಸಿಯಾಗಿತ್ತು. ಅವರು ಎಡಗಡೆಯ ಗುರುತಿನೊಳಗೇ ಕಾಲಿಡುತ್ತ, ಅವಸರವಿಲ್ಲದೆ, ಕಣಿವೆಯ ಕಡೆಗೆ ನಡೆದರು. ಸೂರ್ಯ ಅವರ ಮುಂದಿತ್ತು. ಅವರು ದೂರವಾದಷ್ಟೂ ನೆರಳು ಹಿಂದಕ್ಕೆ ಉದ್ದವಾಗುತ್ತ, ಬಾಗಿಲ ಬುಡದವರೆಗೂ ಬಂದು ಮುಟ್ಟುತ್ತಿತ್ತು.